ಮರುಭೂಮಿಗೆ ಹೋದ ಕೌದಿ

ಮರುಭೂಮಿಯಲ್ಲಿ ಹಿಮ ಬಿದ್ದಿದೆ ಎಂಬ ಸುದ್ದಿ ಟಿವಿಯಲ್ಲಿ ಬಂದಾಗ ಚನ್ನಕ್ಕ ತಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ನನ್ನದೊಂದು ಹಳೇ ಸೀರೆಯನ್ನು ಹರಿಯುತ್ತಿದ್ದರು. ನನ್ನ ಮನೆ ಎರಡು ಬಾಗಿಲು ಆಚೆ. ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. 2009ರ ಜನವರಿ, ಮೆಲ್ಬರ್ನ್‌ನ ಪಶ್ಚಿಮದ ಟಾರ್ನೀಟ್. ಆಗಿನ್ನೂ ಅಲ್ಲಿ ಅರ್ಧ ಮನೆ, ಅರ್ಧ ಖಾಲಿ ಸೈಟು. ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ಓಡಿದ್ದಕ್ಕೆ ಅಂಗಾಲು ಚುರುಗುಟ್ಟಿತು.

"ಚನ್ನಕ್ಕ, ರಾಸ್ ಅಲ್ ಖೈಮಾದಲ್ಲಿ ಸ್ನೋ ಬಿದ್ದಿದೆಯಂತೆ. ನಿಮ್ಮ ಯಜಮಾನರು ಇರೋದು ಅಲ್ಲೇ ಅಲ್ವಾ?"

ಅವರು ಕತ್ತರಿ ಕೆಳಗಿಟ್ಟರು. ಒಳಗೆ ಹೋಗಿ ಟಿವಿ ಹಾಕಿದೆವು. ಬಿಳೀ ನಿಲುವಂಗಿ ತೊಟ್ಟ ಗಂಡಸರು ಬೆಳ್ಳಗಾದ ಬೆಟ್ಟದ ಮೇಲೆ ಒಬ್ಬರಿಗೊಬ್ಬರು ಹಿಮ ಎರಚಿಕೊಂಡು ನಗುತ್ತಿದ್ದರು. ಒಂದು ಗಳಿಗೆ, ಅಷ್ಟೇ. ಆಮೇಲೆ ಕ್ರಿಕೆಟ್ ಬಂತು. ಚನ್ನಕ್ಕ ಕ್ರಿಕೆಟ್ಟನ್ನೂ ನೋಡುತ್ತಾ ನಿಂತೇ ಇದ್ದರು. ಹಿಮ ಮತ್ತೆ ಬರಬಹುದು ಎಂದುಕೊಂಡಿದ್ದರೇನೋ.

"ಹಂಗಾರ ಇನ್ನ ಯಾವ ನೆವ ಹೇಳ್ತಾರ ನೋಡೋಣು" ಎಂದು ಮತ್ತೆ ಗ್ಯಾರೇಜಿಗೆ ನಡೆದರು.

ಆ ಮಾತಿನ ಹಿಂದೆ ಮೂರು ವರ್ಷದ ಸಿಟ್ಟಿತ್ತು. ಚನ್ನಕ್ಕನ ಗಂಡ ಮಡಿವಾಳಪ್ಪ ಹುಬ್ಬಳ್ಳಿಯವರು, ಕಲ್ಲು ಪುಡಿ ಮಾಡುವ ಯಂತ್ರದ ಮೆಕ್ಯಾನಿಕ್. ಮಗಳು ಸಂಧ್ಯಾರಾಣಿ ಇನ್ನೂ ಕನ್ನಡ ಸಾಲಿಗೆ ಹೋಗುತ್ತಿದ್ದಾಗ, 1983ರಲ್ಲಿ, ಅವರು ಕೊಲ್ಲಿಗೆ ಹೋದರು. ರಾಸ್ ಅಲ್ ಖೈಮಾದ ಬೆಟ್ಟದ ಬುಡದಲ್ಲಿ ಒಂದು ಕಲ್ಲಿನ ಕ್ವಾರಿ; ಅದರ ಪಕ್ಕ ಕೆಲಸದವರ ಕ್ಯಾಂಪು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು, ಒಂದು ತಿಂಗಳಿದ್ದು, ಎಲ್ಲರಿಗೂ ಸೆಂಟಿನ ಬಾಟಲಿ ಹಂಚಿ ಹೋಗಿಬಿಡುವುದು. ಸಂಧ್ಯಾರಾಣಿ ಓದಿ, ಮೆಲ್ಬರ್ನ್‌ಗೆ ಸ್ಟೂಡೆಂಟ್ ಆಗಿ ಬಂದು, ಕಾಯಂ ವಾಸದ ಪಿಆರ್ ತೆಗೆದುಕೊಂಡು, ವಿರುಪಾಕ್ಷ ಎಂಬ ಬೆಳಗಾವಿಯ ಹುಡುಗನನ್ನು ಮದುವೆಯಾಗಿ, ಟಾರ್ನೀಟ್‌ನಲ್ಲಿ ಮಾರ್ಟ್‌ಗೇಜ್ ಹೊತ್ತು ಮನೆ ಕಟ್ಟಿಸಿದಳು. ಅಪ್ಪ ಅವ್ವ ಇಬ್ಬರಿಗೂ ವೀಸಾ ಮಾಡಿಸಿದಳು. ಚನ್ನಕ್ಕ ಬಂದರು. ಮಡಿವಾಳಪ್ಪ ಬರಲಿಲ್ಲ.

"ಇಷ್ಟು ವರ್ಷ ಬೆಂಕ್ಯಾಗ ಬೆಂದಾಂವ ನಾ. ಮೆಲ್ಬರ್ನ್ ಥಂಡಿ ನನ್ನ ಮೈಗೆ ಆಗಂಗಿಲ್ಲ." ಇದು ಅವರು ಹೇಳುತ್ತಿದ್ದ ಕಾರಣ. ಪ್ರತಿ ಮಾರ್ಚಿಗೆ ಅವರ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು. ಪ್ರತಿ ಮಾರ್ಚಿಗೂ ಇನ್ನೊಂದು ವರ್ಷಕ್ಕೆ ಸಹಿ ಹಾಕುತ್ತಿದ್ದರು. ಆಮೇಲೆ ಫೋನಿನಲ್ಲಿ ಥಂಡಿಯ ಮಾತು.

ಗಂಡಸರ ನೆವಗಳ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ನಾನು ಮೈಸೂರಿನವಳು, ಮನಸ್ಸಿಗೆ ಬಂದದ್ದು ಬಾಯಿಗೆ ಬರುತ್ತದೆ. "ಅಲ್ಲೊಂದು ಸಂಸಾರ ಇರಬಹುದಾ, ಚನ್ನಕ್ಕ?" ಎಂದು ಒಮ್ಮೆ ಕೇಳಿಯೇಬಿಟ್ಟಿದ್ದೆ. ಅವರಿಗೆ ಬೇಜಾರೂ ಆಗಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಡಿದು, "ಅಷ್ಟು ಧೈರ್ಯ ಇಲ್ಲವ್ವ ಅವರಿಗೆ" ಎಂದರು.

ಚನ್ನಕ್ಕನ ಕೌದಿಯ ಬಗ್ಗೆ ಹೇಳದೆ ಚನ್ನಕ್ಕನ ಬಗ್ಗೆ ಹೇಳಲಾಗುವುದಿಲ್ಲ. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿಯುವ ಹೊದಿಕೆ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದಿಲ್ಲದೆ ಚಳಿಗಾಲ ಕಳೆಯುವುದಿಲ್ಲ. ಮೆಲ್ಬರ್ನ್‌ಗೆ ಬಂದ ಮೊದಲ ಜೂನ್‌ನಲ್ಲೇ ಅಲ್ಲಿನ ಚಳಿಗಾಲಕ್ಕೆಂದು ಮೊಮ್ಮಗಳು ತೇಜಸ್ವಿನಿಗೊಂದು ಹೊಲಿದರು. ಅದನ್ನು ಕಂಡು ಪಕ್ಕದ ಮನೆಯವರು ಕೇಳಿದರು, ಅವರದನ್ನು ಕಂಡು ಇನ್ನೊಬ್ಬರು. ಪಶ್ಚಿಮದ ಸಬರ್ಬ್‌ಗಳ ಕನ್ನಡ ಹೆಂಗಸರೆಲ್ಲ ಹಳೇ ಸೀರೆಗಳ ಗಂಟು ಹೊತ್ತು ಟಾರ್ನೀಟ್‌ಗೆ ಬರುವಂತಾಯಿತು. ಅಳಿಯನ ಕಾರು ಬೀದಿಗೆ ಬಿತ್ತು, ಗ್ಯಾರೇಜು ಚನ್ನಕ್ಕನದಾಯಿತು. ಬಾಗಿಲು ಮೇಲೆತ್ತಿ, ಚಾಪೆ ಹಾಸಿ, ಬೀದಿಗೆ ಮುಖ ಮಾಡಿ ಕೂತು ಹೊಲಿಯುತ್ತಿದ್ದರು. ನಾಯಿ ಹಿಡಿದು ಹೋಗುವ ಬಿಳಿಯರು ಅದನ್ನು ಅಂಗಡಿ ಎಂದೇ ತಿಳಿದು ಒಳಗೆ ಇಣುಕುತ್ತಿದ್ದರು.

ಅವರ ಕಟ್ಟಳೆಗಳು ಬಿಗಿ. ಜಾರ್ಜೆಟ್, ನೈಲಾನ್ ತಂದರೆ ಬಾಗಿಲಿನಿಂದಲೇ ವಾಪಸ್. ಬರೀ ಹತ್ತಿ, ಅದೂ ಮೈಗೆ ಮೆತ್ತಗಾಗುವಷ್ಟು ಹಳತು. ಹೊಲಿಗೆಯಂತೂ ಅಕ್ಕಿಕಾಳಿಗಿಂತ ಉದ್ದ ಇರಕೂಡದು. ನಾನು ಕಲಿಯುತ್ತೇನೆಂದು ಸೂಜಿ ಹಿಡಿದಿದ್ದೆ. ಮಧ್ಯಾಹ್ನವೆಲ್ಲ ಕೂತು ಹೊಲಿದದ್ದನ್ನು ಅವರು ಒಮ್ಮೆ ಬೆರಳಾಡಿಸಿ ನೋಡಿ, "ಬಿಚ್ಚು" ಎಂದರು. ಮರುದಿನವೂ ಅದೇ ಮಾತು. ಸ್ವಂತ ಮಗಳಿಗೂ ಹಾಗೇ. ಸಂಧ್ಯಾರಾಣಿ ಸಿಟ್ಟಿನಿಂದ, "ಅವ್ವಾ, ಒಂದ್ ಸ್ಟಿಚ್ ಸೊಟ್ಟ ಆದ್ರ ಯಾರು ಸಾಯ್ತಾರ?" ಎಂದು ಕೇಳಿ ಎದ್ದುಹೋಗಿದ್ದಳು. ಯಾರೂ ಸಾಯುವುದಿಲ್ಲ, ಆದರೆ ಚನ್ನಕ್ಕನಿಗೆ ಅದು ಕಣ್ಣಲ್ಲಿ ಕಸ ಬಿದ್ದ ಹಾಗೆ.

ಕೊನೆಯ ಕಟ್ಟಳೆ ಹೊಟ್ಟೆ ತುಂಬಿಸುವುದು. ಕೌದಿ ಮುಗಿಯುವಾಗ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟಿರುತ್ತಾರೆ. ಅದರೊಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ನಾಲ್ಕು ಕಾಳು ಜೋಳವನ್ನೋ ಇಟ್ಟು, ಮೇಲೊಂದು ತುಂಡು ಬಟ್ಟೆ ಮುಚ್ಚಿ ಹೊಲಿದುಬಿಡುತ್ತಾರೆ. ಹಸಿದ ಕೌದಿ ಹೊದ್ದವರನ್ನೂ ಹಸಿದಿಡುತ್ತದೆ ಎಂದು ನಂಬಿಕೆ. "ಏನ್ ಹಾಕಲಿ ಹೇಳು" ಎಂದು ಕೌದಿಯ ಒಡತಿಯನ್ನು ಕೇಳಿಯೇ ಹಾಕುವುದು. ಇದು ಹೆಂಗಸರ ಕೆಲಸ, ಗಂಡಸರಿಗೆ ಹೇಳುವ ರೂಢಿಯಿಲ್ಲ. ಹೇಳಿದರೆ ನಗುತ್ತಾರೆ, ಅಷ್ಟೇ ಕಾರಣ.

ಮಡಿವಾಳಪ್ಪ ಕೊಲ್ಲಿಗೆ ಹೊರಟಾಗ ಚನ್ನಕ್ಕ ಅವರಿಗೊಂದು ಕೌದಿ ಹೊಲಿದು ಕೊಟ್ಟಿದ್ದರು. ತಮ್ಮ ಮದುವೆಯ ಇಳಕಲ್ ಸೀರೆಯನ್ನೇ ಮೇಲಿನ ಪದರಕ್ಕೆ ಹಾಕಿದ್ದರು. ಮೊದಲ ಸಲ ರಜೆಗೆ ಬಂದ ಗಂಡನನ್ನು "ಕೌದಿ ಹೊದಿತೀರೇನು?" ಎಂದು ಆಸೆಯಿಂದ ಕೇಳಿದರೆ, "ಅಲ್ಲೇ ಟ್ರಂಕಿನಾಗ ಐತಿ. ಅಲ್ಲಿ ಯಾರಿಗೆ ಬೇಕು ಕೌದಿ, ಬೆಂಕಿ ಸುರೀತೈತಿ" ಎಂದರಂತೆ. ಆ ಮಾತನ್ನು ಚನ್ನಕ್ಕ ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ದನಿ, ಅದೇ ನೋವು. ಮದುವೆಯ ಸೀರೆ ಹರಿದದ್ದಕ್ಕೆ ಅವರಿಗೆ ದುಃಖವಿರಲಿಲ್ಲ, ಅದು ಟ್ರಂಕಿನಲ್ಲಿ ಬಿದ್ದಿದೆ ಎಂಬುದಕ್ಕಿತ್ತು.

ಆ ಜನವರಿಯಲ್ಲಿ ಅವರೊಂದು ತೀರ್ಮಾನಕ್ಕೆ ಬಂದಿದ್ದರು. ಹಿಮದ ಸುದ್ದಿಗೆ ಮೊದಲೇ ನನಗೆ ಹೇಳಿದ್ದರು. "ಈ ಮಾರ್ಚಿಗೂ ಸಹಿ ಹಾಕಿದ್ರ ಮತ್ತ ಬರ್ರಿ ಅಂತ ಕರಿಯಂಗಿಲ್ಲ ನಾ. ಅವರ ಪಾಡಿಗೆ ಅವರು. ನನಗ ಗಂಡ ಇಲ್ಲ ಅಂತ ತಿಳಕೊಂಡು ಇದ್ದುಬಿಡ್ತೀನಿ." ಅವರು ಬೆದರಿಕೆ ಹಾಕುವ ಹೆಂಗಸಲ್ಲ. ಹೇಳಿದರೆಂದರೆ ಮಾಡುತ್ತಾರೆ. ಅದಕ್ಕೇ ನನಗೆ ಭಯವಾಗಿತ್ತು.

ಕೊಲ್ಲಿಯಲ್ಲಿ ಶುಕ್ರವಾರ ರಜೆ, ಆದ್ದರಿಂದ ಶುಕ್ರವಾರವೇ ಫೋನ್. ಹಿಮದ ಸುದ್ದಿ ಬಂದ ಮೇಲೆ ಚನ್ನಕ್ಕ ಶುಕ್ರವಾರಕ್ಕೆ ಕಾದರು. ಆ ವಾರ ಮೆಲ್ಬರ್ನ್ ಹೇಗಿತ್ತೆಂದು ಅಲ್ಲಿದ್ದವರಿಗೆಲ್ಲ ನೆನಪಿದೆ. ಬಿಸಿಲು ನಲವತ್ತಮೂರು ಡಿಗ್ರಿ ದಾಟಿ ಕೆಳಗಿಳಿಯಲೇ ಇಲ್ಲ. ರೈಲು ಹಳಿಗಳು ಬಾಗಿದವು, ರೈಲುಗಳು ನಿಂತವು. ಎಲೆಗಳು ಮರದಲ್ಲೇ ಸುಟ್ಟು ಕಂದಾದವು. ಶುಕ್ರವಾರ ಕರೆಂಟೂ ಹೋಯಿತು. ಎ.ಸಿ. ಇಲ್ಲದ ಮನೆಯೊಳಗೆ ಇರಲಾಗದೆ ನಾವೆಲ್ಲ ಚನ್ನಕ್ಕನ ಗ್ಯಾರೇಜಿನಲ್ಲಿ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಕೂತಿದ್ದೆವು. ತೇಜಸ್ವಿನಿ ಬಕೆಟ್ ನೀರಿನಲ್ಲಿ ಕಾಲಿಟ್ಟುಕೊಂಡು, "ಅಜ್ಜಿ, ಇಟ್ಸ್ ಟೂ ಹಾಟ್" ಎಂದು ರಾಗ ಎಳೆಯುತ್ತಿದ್ದಳು.

ಫೋನ್ ಕಾರ್ಡಿನ ಸಣ್ಣ ಅಂಕಿಗಳು ಚನ್ನಕ್ಕನ ಕಣ್ಣಿಗೆ ಕಾಣುವುದಿಲ್ಲ. ನಂಬರ್ ಒತ್ತಿಕೊಡುವುದು ನನ್ನ ಕೆಲಸವಾಗಿತ್ತು. ಬೆವರಿಗೆ ಮೊಬೈಲು ಕಿವಿಯಿಂದ ಜಾರುತ್ತದೆಂದು ಸ್ಪೀಕರ್ ಹಾಕಿ ಚಾಪೆಯ ಮೇಲಿಟ್ಟೆ.

"ಏನ್ರೀ, ನಿಮ್ಮಲ್ಲಿ ಬರ್ಫ ಬಿತ್ತಂತಲ್ಲ."

"ಹೂಂ, ಬಿತ್ತು. ಮ್ಯಾಲ ಗುಡ್ಡದಾಗ."

"ಇಲ್ಲಿ ಬೆಂಕಿ ಬಿದ್ದೈತಿ. ಕರೆಂಟ್ ಇಲ್ಲ, ಕೂಸು ಬಕೀಟಿನ್ಯಾಗ ಕುಂತೈತಿ. ನಿಮ್ಮ ಬೆಂಕಿ ಇಲ್ಲಿಗೆ ಬಂತು, ನಮ್ಮ ಥಂಡಿ ಅಲ್ಲಿಗೆ ಬಂತು. ಈಗ ಏನ್ ನೆವ ಹೇಳ್ತೀರಿ?"

ಕಾರ್ಡು ಮುಗಿಯಿತೇ ಎಂದು ನಾನು ಬಗ್ಗಿ ನೋಡಿದೆ. ಮುಗಿದಿರಲಿಲ್ಲ.

"ಗುಡ್ಡದ ಮ್ಯಾಲಿನ ಹಳ್ಳಿಯಾಂವ ಒಬ್ಬ" ಎಂದು ಮಡಿವಾಳಪ್ಪ ನಿಧಾನವಾಗಿ ಶುರು ಮಾಡಿದರು. "ಮೀನಿನ ಡಬ್ಬಿ ಇರತಾವಲ್ಲ, ಥರ್ಮಾಕೋಲಿಂದು, ಅದರ ತುಂಬ ಬರ್ಫ ತುಂಬಕೊಂಡು ಜೀಪಿನ್ಯಾಗ ಇಳದು ಬಂದ. ಕ್ವಾರಿ ಗೇಟಿನ ಮುಂದ ಮಲಯಾಳಿ ಚಾದಂಗಡಿ ಐತಿ, ಅಲ್ಲಿ ನಿಲ್ಲಿಸಿದ. ಎಲ್ಲಾರೂ ಕೆಲಸ ಬಿಟ್ಟು ಓಡಿದ್ವಿ. ಒಬ್ಬೊಬ್ಬರಿಗೆ ಒಂದೊಂದು ಬೊಗಸಿ ಕೊಟ್ಟ. ಯಾರೋ ತಿಂದ್ರು, ಯಾರೋ ತಲಿ ಮ್ಯಾಲ ಹಾಕ್ಕೊಂಡ್ರು. ಒಬ್ಬ ಪಠಾಣ ಅತ್ತುಬಿಟ್ಟ. ಅವನ ಊರಾಗ ವರ್ಷಾ ವರ್ಷಾ ಬರ್ಫ ಬೀಳತಿತ್ತಂತ."

"ನೀವ್ ಏನ್ ಮಾಡಿದ್ರಿ?"

"ನಾ ಚಾದ ಗ್ಲಾಸಿನ್ಯಾಗ ಹಾಕ್ಕೊಂಡು ರೂಮಿಗೆ ಹೊಂಟೆ."

"ರೂಮಿಗೆ ಯಾಕ?"

"ತೋರಸಬೇಕಂತ. ಬಾಗಲಾ ತಗದ ಮ್ಯಾಲ ನೆನಪಾತು, ಅಲ್ಲಿ ಯಾರದಾರ ತೋರಸಾಕ. ಹಂಗ ನಿಂತೆ. ಕೈಯಾಗ ನೀರಾತು. ಕುಡದುಬಿಟ್ಟೆ." ಆಮೇಲೆ, "ನಿನಗ ತೋರಸಬೇಕಂತ ಹೊಂಟಿದ್ದೆ, ಸಂಧ್ಯಾನವ್ವಾ" ಎಂದರು.

ಚನ್ನಕ್ಕನ ಕೈಯಲ್ಲಿ ಸೂಜಿ ಇತ್ತು. ಹೊಲಿಯುತ್ತಿರಲಿಲ್ಲ. ಸಂಧ್ಯಾರಾಣಿ ಟವೆಲ್‌ನಿಂದ ಮುಖ ಒರೆಸಿಕೊಂಡು ಹಾಗೇ ಅದರೊಳಗೆ ಮುಖ ಹುದುಗಿಸಿದಳು.

"ಥಂಡಿ ಆತೇನ್ರಿ?" ಎಂದರು ಚನ್ನಕ್ಕ.

"ಹೂಂ. ಭಾಳ ಆತು."

"ಮತ್ತ ಬರಾಕ ಏನು ಅಡ್ಡಿ? ಖರೇ ಹೇಳ್ರಿ. ಥಂಡಿ ಅಲ್ಲ ಅಂತ ನನಗ ಗೊತ್ತೈತಿ."

"ಬಂದು ಏನ್ ಮಾಡ್ಲಿ? ಮಗಳು ದೊಡ್ಡಾಕಿ ಆದ್ದು ನಾ ನೋಡಲಿಲ್ಲ. ನಿಮಗೆಲ್ಲ ನಾ ಅಂದ್ರ ಫೋನಿನ್ಯಾಗಿನ ದನಿ. ಮನ್ಯಾಗ ಒಬ್ಬ ಮನಿಷ್ಯಾ ಆಗಿ ಹೆಂಗ ಇರಬೇಕು, ಎಲ್ಲಿ ಕುಂಡ್ರಬೇಕು, ಏನ್ ಮಾತಾಡಬೇಕು, ಎಲ್ಲಾ ಮರತೀನಿ. ನಾಕ್ ದಿವಸಕ್ಕ ನಿಮಗ ಬ್ಯಾಸರಾದ್ರ? ನನಗ ಅಂಜಿಕಿ."

ಇಷ್ಟು ವರ್ಷ ಥಂಡಿ ಥಂಡಿ ಎಂದವರು ಕೊನೆಗೂ ಮೈಯ ಮಾತು ಬಿಟ್ಟು ಮನಸ್ಸಿನ ಮಾತು ಆಡಿದ್ದರು. ಅದಕ್ಕೆ ಮರುಭೂಮಿಯಲ್ಲಿ ಹಿಮ ಬೀಳಬೇಕಾಯಿತು. ನನಗೆ ಆ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ಇಳಿದು ಅಯ್ಯೋ ಪಾಪ ಎನ್ನಿಸಿತು. ಚನ್ನಕ್ಕ ಮಾತ್ರ ಪಾಪ ಎನ್ನುವವರಲ್ಲ.

"ಬರ್ರಿ ಸುಮ್ನ. ಸೊಟ್ಟ ಆದ್ರ ಬಿಚ್ಚಿ ಮತ್ತ ಹೊಲದ್ರಾತು. ನಾವೇನ್ ಹೊಲಗಿ ಕಾಣದವರೇನು?"

ಅವರು ಏನೋ ಹೇಳಹೊರಟರು. ಅಷ್ಟರಲ್ಲಿ ಕಾರ್ಡಿನ ಹೆಂಗಸು ಇಂಗ್ಲಿಷಿನಲ್ಲಿ ನಿಮ್ಮ ಸಮಯ ಮುಗಿಯಿತು ಎಂದಳು. ಬೇರೆ ಕಾರ್ಡು ಮನೆಯಲ್ಲಿರಲಿಲ್ಲ. ಆ ಬಿಸಿಲಲ್ಲಿ ಅಂಗಡಿಗೆ ಹೋಗಲು ನಾನು ಎದ್ದೆ, ಚನ್ನಕ್ಕ ನನ್ನ ಸೆರಗು ಹಿಡಿದು ಕೂರಿಸಿದರು. "ಬ್ಯಾಡ. ಇನ್ನ ಅವರೇ ಯೋಚನಿ ಮಾಡಲಿ."

ಮಾರ್ಚಿ ಕಳೆಯಿತು. ಮಡಿವಾಳಪ್ಪ ಸಹಿ ಹಾಕಲಿಲ್ಲ. ಹಾಕಲಿಲ್ಲ, ಬರಬೇಕಾದ ದುಡ್ಡಿನ ಲೆಕ್ಕ ಮುಗಿಸಿ ಬರುತ್ತೇನೆ ಎಂದು ಹೇಳಿದರು, ಅಷ್ಟೇ, ಚನ್ನಕ್ಕ ನಂಬಲಿಲ್ಲ. "ಕಣ್ಣಿಗೆ ಕಾಣೋತನಕ ನಂಬಂಗಿಲ್ಲ" ಎನ್ನುತ್ತಿದ್ದರು.

ಈ ನಡುವೆ ನನಗೆ ಸಿಡ್ನಿಯಲ್ಲಿ ಕೆಲಸವಾಯಿತು. ಮ್ಯಾಕ್ವೆರಿ ಪಾರ್ಕ್‌ನಲ್ಲಿ ಆಫೀಸು, ರೌಸ್ ಹಿಲ್‌ನಲ್ಲಿ ರೆಂಟಿನ ಮನೆ. ಜುಲೈಯಲ್ಲಿ ಸಂಧ್ಯಾರಾಣಿ ಫೋನ್ ಮಾಡಿ ನಗುತ್ತಲೋ ಅಳುತ್ತಲೋ, "ಆಂಟಿ, ಅಪ್ಪ ಸಿಡ್ನಿಗೆ ಟಿಕೆಟ್ ಬುಕ್ ಮಾಡ್ಸ್ಯಾನ" ಎಂದಳು. ಟಿಕೆಟಿನವನು ಮೆಲ್ಬರ್ನ್‌ಗೆ ಸೀಟಿಲ್ಲ ಎಂದನಂತೆ. ಸಿಡ್ನಿಯಾದರೆ ಇದೆ ಎಂದನಂತೆ. "ಸಿಡ್ನಿ-ಮೆಲ್ಬರ್ನ್ ಅಂದ್ರ ನಮ್ಮ ಹುಬ್ಬಳ್ಳಿ-ಧಾರವಾಡ ಇದ್ದಂಗಲ್ಲೇನು, ಇಳದು ಬಸ್ಸು ಹತ್ತತೀನಿ" ಎಂದು ಇವರು ಸೈ ಎಂದುಬಿಟ್ಟಿದ್ದರು. ಕಾರಿನಲ್ಲಿ ಇಡೀ ದಿನದ ದಾರಿ ಎಂದು ಮಗಳು ಹೇಳಿದರೆ, ಇಷ್ಟು ವರ್ಷ ಎರಡೂ ಹೆಸರನ್ನು ಯಾಕೆ ಒಟ್ಟಿಗೇ ಹೇಳುತ್ತಿದ್ದಿರಿ ಎಂದು ಅವಳಿಗೇ ಗದರಿದರಂತೆ.

ಕರೆದುಕೊಂಡು ಬರಲು ಚನ್ನಕ್ಕನೇ ಹೊರಟರು. ವಿಮಾನ ಬರುವ ಹಿಂದಿನ ದಿನ ಹಗಲು ರೈಲಿನಲ್ಲಿ ಒಬ್ಬರೇ ಸಿಡ್ನಿಗೆ ಬಂದಿಳಿದರು. ಚೀಲದಲ್ಲಿ ಒಂದು ಸ್ವೆಟರು, ಮಂಕಿ ಟೋಪಿ, ಜೋಳದ ಹಿಟ್ಟು.

ವಿಮಾನ ಬೆಳಿಗ್ಗೆ ಇಳಿಯಿತು. ಹೊರಗೆ ಕೊರೆಯುವ ಚಳಿ. ಅರೈವಲ್ಸ್ ಬಾಗಿಲ ಮುಂದಿನ ಕಂಬಿಗೆ ಆತು ನಿಂತೆವು. ಮೊದಲು ಸೂಟಿನವರು ಬಂದರು, ಆಮೇಲೆ ಕೂಸು ಕಂಕುಳಲ್ಲಿಟ್ಟುಕೊಂಡವರು, ಆಮೇಲೆ ಟ್ರಾಲಿ ತುಂಬ ಪೆಟ್ಟಿಗೆ ತಳ್ಳುವವರು. ಬಾಗಿಲು ತೆರೆದಾಗಲೆಲ್ಲ ಚನ್ನಕ್ಕ ಸ್ವೆಟರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಬರಬರುತ್ತಾ ಜನ ಕಡಿಮೆಯಾದರು. ಕೊನೆಗೆ ವಿಮಾನದ ಸಿಬ್ಬಂದಿಯೂ ಚಕ್ರದ ಪೆಟ್ಟಿಗೆ ಎಳೆದುಕೊಂಡು ಹೋದರು. ಮುಂದೆ ಬಂದವರು ಇನ್ಯಾವುದೋ ದೇಶದ ವಿಮಾನದವರು.

"ಬಂದಿಲ್ಲ ಬಿಡು" ಎಂದರು ಚನ್ನಕ್ಕ.

"ಇರಿ ಚನ್ನಕ್ಕ, ಲಗೇಜ್ ಲೇಟ್ ಆಗಿರುತ್ತೆ."

"ಇಲ್ಲವ್ವ. ವಿಮಾನ ಹತ್ತೇ ಇಲ್ಲ ಅವರು. ಬಾಗಲಾತನಕ ಬಂದು ಅಂಜಿ ವಾಪಸ್ ಹೋಗ್ಯಾರ. ನನಗ ಗೊತ್ತಿತ್ತು." ಸ್ವೆಟರನ್ನು ಕಂಬಿಯ ಮೇಲೆ ಹಾಸಿ, ತೋಳುಗಳನ್ನು ಒಳಗೆ ಮಡಚಿ, ಅಂಗಡಿಯವರ ಹಾಗೆ ಚೌಕವಾಗಿ ಮಡಿಸಿದರು. ಆ ಮಡಿಸುವುದನ್ನು ನೋಡಲು ನನ್ನಿಂದಾಗಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ನಡಿ ಹೋಗೋಣು" ಎಂದು ಚೀಲ ಎತ್ತಿಕೊಂಡರು.

ಆಗ ನನ್ನ ಮೊಬೈಲು ಬಡಿದುಕೊಂಡಿತು. ಒಳಗಿನಿಂದ, ಹೊರದೇಶದ ತಿನಿಸು, ಬೀಜ ಒಳಗೆ ಬಾರದಂತೆ ತಡೆಯುವ ಕ್ವಾರಂಟೈನ್‌ನ ಹೆಂಗಸು. ಇಲ್ಲೊಬ್ಬರು ಹಿರಿಯರಿದ್ದಾರೆ, ಇಳಿಯುವಾಗ ತುಂಬುವ ಕಾರ್ಡಿನಲ್ಲಿ ನಿಮ್ಮ ನಂಬರ್ ಬರೆದಿದ್ದಾರೆ, ಅವರ ಭಾಷೆ ನಿಮಗೆ ಬರುತ್ತದೆಯೇ ಎಂದು ಕೇಳಿದಳು. ಬಂದಿದ್ದಾರೆ. ಬಂದು ಸಿಕ್ಕಿಹಾಕಿಕೊಂಡಿದ್ದಾರೆ.

ವಿಷಯ ಇಷ್ಟು. ತಿನ್ನುವ ವಸ್ತು, ಬೀಜ, ಕಾಳು ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಅವರು ಇಲ್ಲ ಎಂದು ಗುರುತು ಹಾಕಿದ್ದರು. ಆದರೆ ವಾಸನೆ ಹಿಡಿಯುವ ನಾಯಿ ಅವರ ಬ್ಯಾಗಿನ ಪಕ್ಕ ಕೂತದ್ದು ಏಳಲೇ ಇಲ್ಲ. ಬ್ಯಾಗಿನಲ್ಲಿ ಒಂದು ಹಳೇ ಹೊದಿಕೆ, ಅದರ ಮೂಲೆಯಲ್ಲಿ ಕೈಗೆ ಕಾಳು ಸಿಗುತ್ತಿದೆ. ಮೂಲೆ ಕತ್ತರಿಸಿ ಕಾಳು ತೆಗೆಯಲು ಬಿಡಬೇಕು, ಇಲ್ಲವಾದರೆ ಇಡೀ ಹೊದಿಕೆಯನ್ನು ಸುಡಬೇಕಾಗುತ್ತದೆ. ಅವರು ಎರಡಕ್ಕೂ ಒಪ್ಪುತ್ತಿಲ್ಲ. ಹಿಂದಿ ಬಲ್ಲ ಸಹೋದ್ಯೋಗಿ ಕೇಳಿದರೆ, ಕತ್ತರಿ ಹಚ್ಚುವುದಾದರೆ ನನ್ನನ್ನು ವಾಪಸ್ ಕಳಿಸಿ ಎನ್ನುತ್ತಿದ್ದಾರೆ. ಆಕೆ ಸಿಟ್ಟಾಗಿರಲಿಲ್ಲ. ಏನು ಮಾಡಬೇಕೆಂದು ನಿಜಕ್ಕೂ ತೋಚದೆ ಕೇಳುತ್ತಿದ್ದಳು.

ನಾನು ಹೇಳಿದ್ದನ್ನು ಕೇಳಿ ಚನ್ನಕ್ಕ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ನಾನೂ ಕಿವಿ ಹಚ್ಚಿದೆ.

"ಯಾವ ಕೌದಿ ತಂದೀರಿ?"

"ನೀ ಕೊಟ್ಟಿದ್ದು. ಇವರು ಕತ್ತರಿ ಹಿಡಕೊಂಡು ನಿಂತಾರ ನೋಡು. ನನ್ನ ಹೇಣತಿ ಮದವಿ ಸೀರಿ ಹರದು ಹೊಲದಿದ್ದು, ಇದರಾಗ ಏನೂ ಇಲ್ಲ ಅಂದ್ರ ಕೇಳವಲ್ರು."

"ಐತ್ರಿ. ಅದರ ಹೊಟ್ಟ್ಯಾಗ ಜೋಳ ಐತಿ."

"ಏನ್ ಜೋಳ?"

"ನಾ ಹಾಕಿದ್ದು, ನೀವು ಹೋಗೋ ಹಿಂದಿನ ದಿವಸ. ಪರದೇಶದಾಗ ಉಪಾಸ ಬೀಳಬಾರದಂತ."

"ನನಗ ಹೇಳಲೇ ಇಲ್ಲ ನೀ."

"ಹೇಳಿದ್ರ ನಗತಿದ್ರಿ."

ಇಷ್ಟು ವರ್ಷ ಹೆಂಡತಿಯ ಕೈಯ ಕಾಳು ತಮ್ಮ ಜೊತೆಯೇ ಇದ್ದದ್ದು ಅವರಿಗೆ ಆ ಗಳಿಗೆಯಲ್ಲಿ ತಿಳಿಯಿತು, ಅದೂ ಯಾರೋ ಅಪರಿಚಿತರ ಮೇಜಿನ ಮುಂದೆ.

"ಬಿಚ್ಚಲಿ ಬಿಡ್ರಿ" ಎಂದರು ಚನ್ನಕ್ಕ ಮೆತ್ತಗೆ. "ನಾ ಇಲ್ಲೇ ಹೊರಗ ಅದೀನಿ. ಮತ್ತ ಹೊಲದ್ರಾತು."

"ಹೂಂ" ಎಂದರು ಅವರು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಬಿಸಿಲಿಗೆ ಕಪ್ಪಾಗಿ ಒಣಗಿದ ತೆಳ್ಳನೆಯ ಮನುಷ್ಯ, ಸಣ್ಣ ಬ್ಯಾಗು, ತೋಳಿನ ಮೇಲೆ ಕೌದಿ. ಕತ್ತರಿಸಿದ ಮೂಲೆ ಜೋತು ಬಿದ್ದಿತ್ತು. ಗಂಡ ಹೆಂಡತಿ ಒಂದು ಮಾರು ದೂರದಲ್ಲಿ ನಿಂತರು.

"ಬಂದ್ರೇನು?"

"ಹೂಂ, ಬಂದೆ. ಕಾಳು ನೋಡಿದೆ. ಇನ್ನೂ ಬೆಳ್ಳಗ ಅದಾವು."

ಚನ್ನಕ್ಕ ಮೊದಲು ಕೌದಿಯನ್ನು ಇಸಿದುಕೊಂಡರು. ಹತ್ತಿರದ ಬೆಂಚಿನ ಮೇಲೆ ಹಾಸಿದರು. ಟ್ರಂಕಿನಲ್ಲೇ ಉಳಿದ, ಹೊಸದರಂಥ ಕೌದಿಯನ್ನು ನಾನು ಊಹಿಸಿಕೊಂಡಿದ್ದೆ. ಇದು ಸವೆದು ಸವೆದು ನಡುವೆ ಜರಡಿಯಾಗಿತ್ತು. ಇಳಕಲ್ ಸೀರೆಯ ಕೆಂಪು ಅಂಚಿನಲ್ಲಷ್ಟೇ ಉಳಿದಿತ್ತು. ಉಳಿದ ಕಡೆಯೆಲ್ಲ ನೀಲಿ ತೇಪೆ. ಕ್ವಾರಿಯ ಕೆಲಸದ ಅಂಗಿಯ ದಪ್ಪ ನೀಲಿ ಬಟ್ಟೆ. ಕೆಲವು ಕಡೆ ತೇಪೆಯೂ ಸವೆದು ಅದರ ಮೇಲೆ ಇನ್ನೊಂದು ತೇಪೆ. ಹೊಲಿಗೆಗಳು ಬೆರಳುದ್ದ, ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ. ಚನ್ನಕ್ಕ ಅವುಗಳ ಮೇಲೆ ಬೆರಳಾಡಿಸಿದರು, ನಿಧಾನವಾಗಿ, ಒಂದನ್ನೂ ಬಿಡದೆ.

"ಇದನ್ನ ಯಾರು ಹೊಲಿದ್ರು?"

"ನಾನ."

"ಟ್ರಂಕಿನಾಗ ಐತಿ ಅಂತಿದ್ರಿ."

ಮಡಿವಾಳಪ್ಪ ನೆಲ ನೋಡಿದರು. "ಅಲ್ಲಿ ರಾತ್ರಿ ಥಂಡಿ ಇರತೈತಿ."

"ಯಾವಾಗಿಂದ?"

"ಮೊದಲಿಂದ."

ನನಗೆ ಅಳು ತಡೆಯಲಾಗಲಿಲ್ಲ. ಪಾರ್ಕಿಂಗ್ ಮಷಿನ್ ಎಲ್ಲಿದೆ ನೋಡಿ ಬರುತ್ತೇನೆಂದು ಅತ್ತ ಹೋದೆ. ತಿರುಗಿ ಬರುವಷ್ಟರಲ್ಲಿ ಚನ್ನಕ್ಕ ಗಂಡನಿಗೆ ಸ್ವೆಟರು ತೊಡಿಸಿ, ಮಂಕಿ ಟೋಪಿಯನ್ನೂ ಹಾಕಿಸಿ, ಅವರ ಬೇಡ ಎಂಬ ಮಾತಿಗೆ ಕಿವಿಗೊಡದೆ ಕೊರಳ ಗುಂಡಿ ಹಾಕುತ್ತಿದ್ದರು.

ರೌಸ್ ಹಿಲ್‌ಗೆ ಬಂದ ಕೂಡಲೇ ಚನ್ನಕ್ಕ ನನ್ನ ಅಡಿಗೆಮನೆಯನ್ನು ವಶಪಡಿಸಿಕೊಂಡರು. ಜೋಳದ ಹಿಟ್ಟು ಕಲಸಿ, ಕಲ್ಲಿನ ಕಟ್ಟೆಯ ಮೇಲೇ ಪಟಪಟ ರೊಟ್ಟಿ ಬಡಿದರು. ಮಡಿವಾಳಪ್ಪ ಎಲ್ಲಿ ಕೂರಬೇಕೆಂದು ತಿಳಿಯದೆ ಫ್ರಿಜ್ಜಿನ ಪಕ್ಕ ನಿಂತೇ ಇದ್ದರು. ಅವರು ಹೇಳಿದ ಅಂಜಿಕೆ ಸುಳ್ಳಲ್ಲ ಎಂದು ನನಗೆ ಆಗ ಗೊತ್ತಾಯಿತು. ನಾನು ಕುರ್ಚಿ ಎಳೆದು ಕೊಟ್ಟೆ. ಅದರ ತುದಿಯಲ್ಲಿ, ಯಾರಾದರೂ ಎದ್ದೇಳು ಎಂದರೆ ಎದ್ದುಬಿಡುವ ಹಾಗೆ ಕೂತರು.

ಮೊದಲ ರೊಟ್ಟಿ ಉಬ್ಬಿತು. ಚನ್ನಕ್ಕ ಕೌದಿಯನ್ನು ಮೇಜಿನ ಮೇಲೆ ಹರವಿ, ನನ್ನಿಂದ ಸೂಜಿ ದಾರ ಇಸಿದುಕೊಂಡು, ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದರು. "ಹೊಟ್ಟಿಗೆ ಏನ್ ಹಾಕಲಿ ಹೇಳ್ರಿ."

"ಮತ್ತ್ಯಾಕ ಈಗ?" ಎಂದರು ಮಡಿವಾಳಪ್ಪ. "ನಾ ಇನ್ನ ಎಲ್ಲಿ ಹೊಂಟೀನಿ?"

ಚನ್ನಕ್ಕ ಸೂಜಿಗೆ ದಾರ ಪೋಣಿಸಲು ನೋಡಿದರು. ದಾರ ತಪ್ಪಿತು, ಮತ್ತೊಮ್ಮೆ ನೋಡಿದರು, ಮತ್ತೆ ತಪ್ಪಿತು. ಕಣ್ಣು ತುಂಬಿದ್ದರೆ ದಾರ ಹೇಗೆ ಕಾಣಬೇಕು. ಮಡಿವಾಳಪ್ಪ ಕುರ್ಚಿಯ ತುದಿಯಿಂದ ಎದ್ದು ಬಂದರು.

"ಕೊಡಿಲ್ಲೆ. ನನಗ ರೂಢಿ ಐತಿ."

ಬಿಸಿ ರೊಟ್ಟಿಯ ಒಂದು ಚೂರು ಮುರಿದು, ಊದಿ ಆರಿಸಿ, ಮೂಲೆಯೊಳಗೆ ತಾವೇ ಇಟ್ಟರು. ಗ್ರೀಸಿನ ಕಪ್ಪು ಉಗುರಿನಲ್ಲಿ ಉಳಿದುಹೋದ ದಪ್ಪ ಬೆರಳುಗಳಲ್ಲಿ ಸೂಜಿ ಹಿಡಿದು ಹೊಲಿಯತೊಡಗಿದರು. ಬೆರಳುದ್ದದ ಹೊಲಿಗೆ, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಮುಗಿಸಿ, ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು ಹೆಂಡತಿಯ ಕಡೆ ನೋಡಿದರು.

ಚನ್ನಕ್ಕ ಮೂಲೆಯನ್ನು ಕೈಗೆ ತೆಗೆದುಕೊಂಡು ಬೆರಳಾಡಿಸಿದರು. ಆ ಸೊಟ್ಟ ಹೊಲಿಗೆಗೆ ಅವರೇನು ಹೇಳುತ್ತಾರೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? "ಬಿಚ್ಚು" ಎಂಬ ಮಾತಿಗೆ ಕಾದೆ.

"ಇರಲಿ" ಎಂದರು ಚನ್ನಕ್ಕ. "ಕೈ ತೊಳಕೊಂಡು ಉಣ್ಣಾಕ ಬರ್ರಿ."